ಟೂಲ್ ಬಾಕ್ಸೂ ಅದಕ್ಕೊಪ್ಪದ ಮುಚ್ಚಳಗಳೂ

ನನಗೆ ಸಿಟ್ಟು ಬರುವುದು ದೊಡ್ಡ ವಿಷಯಗಳಿಗಲ್ಲ. ಬಸ್ಸು ಒಂದು ಗಂಟೆ ತಡವಾದರೆ ಮರದ ಕೆಳಗೆ ಕೂತು ಪೇಪರು ಓದುತ್ತೇನೆ. ನೆಂಟರು ಮದುವೆಗೆ ಕರೆಯುವುದನ್ನು ಮರೆತರೆ ಒಳಗೊಳಗೇ ಖುಷಿಪಡುತ್ತೇನೆ. ಆದರೆ ಅಂಗಡಿಗೆ ಹೋಗಿ ಒಂದು ಸಣ್ಣ ಸಾಮಾನು ಕೇಳಿದಾಗ, ನನ್ನ ಹತ್ತಿರ ಈಗಾಗಲೇ ಇರುವ ದೊಡ್ಡ ಸಾಮಾನನ್ನು ಬಿಸಾಕಿ ಎಂದು ಯಾರಾದರೂ ಹೇಳಿದರೆ ಮಾತ್ರ ನನ್ನ ತಲೆ ಕೆಡುತ್ತದೆ. ಹಿಂದೊಮ್ಮೆ ಮನೆಯ ಮಿಕ್ಸಿಯ ಚಟ್ನಿ ಜಾರಿನ ಮುಚ್ಚಳ ಒಡೆದಿತ್ತು. ಮುಚ್ಚಳ ಕೊಡಿ ಎಂದರೆ ಅಂಗಡಿಯವನು ಜಾರನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಮಾಡಲ್ಲು ನಿಂತುಹೋಗಿದೆ, ಹೊಸ ಮಿಕ್ಸಿ ತೆಗೆದುಕೊಳ್ಳಿ ಎಂದ. ಕನ್ನಡಕದ ತಿರುಪು ಬಿದ್ದುಹೋದಾಗ ತಿರುಪು ಕೇಳಲು ಹೋದೆ. ಮೊದಲು ಕಣ್ಣು ಪರೀಕ್ಷೆ ಮಾಡಿಬಿಡೋಣ ಎಂದು ಕುರ್ಚಿಯಲ್ಲಿ ಕೂರಿಸಿದರು. ಹೀಗೇ ಬಿಟ್ಟರೆ, ಅಂಗಿಯ ಗುಂಡಿ ಕಿತ್ತುಹೋಯಿತು ಎಂದು ದರ್ಜಿಯ ಹತ್ತಿರ ಹೋದವನಿಗೆ, ನಿಮ್ಮ ಹೊಟ್ಟೆಯನ್ನೇ ತೆಗೆಸಿಬಿಡಿ ಎನ್ನುವ ದಿನವೂ ದೂರವಿಲ್ಲ.

ಈ ಪೀಠಿಕೆಗೆ ಕಾರಣ ನನ್ನ ಪಿಕಪ್ ಗಾಡಿ. ನಾನು ಸಾತನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೇಷ್ಟ್ರಿಗೆ ಪಿಕಪ್ ಯಾಕೆ ಎಂದು ಕೇಳಬೇಡಿ; ನಮ್ಮ ಮನೆಯಲ್ಲಿ ರೇಷ್ಮೆ ಇದೆ. ರೇಷ್ಮೆ ಎಂದರೆ ನನ್ನ ಹೆಂಡತಿ ಜಯಮ್ಮ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಿಂದ ಹಿಡಿದು ಹುಳು ಗೂಡು ಕಟ್ಟುವವರೆಗೆ ಆ ರಾಜ್ಯ ಅವಳದು. ಹುಳು ಮನೆಗೆ ನಾನು ಕಾಲಿಡಬೇಕಾದರೆ ಕಾಲು ತೊಳೆಯಬೇಕು, ಮುಖದ ಪೌಡರು ಒರೆಸಬೇಕು, ಗಟ್ಟಿಯಾಗಿ ಮಾತಾಡಬಾರದು. ಇಷ್ಟೆಲ್ಲ ಮಾಡಿ ಒಳಗೆ ಹೋದರೂ ಅವಳು, "ನೋಡಿದ್ದಾಯ್ತಲ್ಲ, ಹೊರಡಿ, ಹುಳಕ್ಕೆ ಒಸಿ ನೆಮ್ಮದಿ ಬೇಕು" ಎನ್ನುತ್ತಾಳೆ. ಮೂವತ್ತು ದಿನದ ಆ ನಾಟಕದಲ್ಲಿ ನನಗೆ ಸಿಕ್ಕಿರುವುದು ಕೊನೆಯ ಒಂದು ಪಾತ್ರ ಮಾತ್ರ. ಗೂಡು ಬಿಡಿಸಿ, ಜಾಲರಿ ಚೀಲಗಳಿಗೆ ತುಂಬಿ ಆದಮೇಲೆ, ಅದನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಮುಟ್ಟಿಸುವುದು. ಅದಕ್ಕೆಂದೇ ನಾನು ಈ ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡದ್ದು. ಆ ದಿನ ಸ್ಕೂಲಿಗೆ ರಜೆ ಹಾಕಿ, ತಲೆಗೆ ಟವೆಲು ಸುತ್ತಿ, ಸ್ಟೀರಿಂಗ್ ಹಿಂದೆ ಕೂತರೆ ಈ ಮನೆಯ ರೇಷ್ಮೆಯೆಲ್ಲ ನನ್ನಿಂದಲೇ ನಡೆಯುತ್ತಿದೆ ಅನ್ನಿಸುತ್ತದೆ.

ಗಾಡಿ ಬಂದ ವಾರವೇ ನಾನು ಅದಕ್ಕೊಂದು ಟೂಲ್ ಬಾಕ್ಸು ಮಾಡಿಸಿದೆ. ದಪ್ಪ ತಗಡಿನ ಪೆಟ್ಟಿಗೆ. ಡ್ರೈವರ್ ಕ್ಯಾಬಿನ್ನಿನ ಬೆನ್ನಿಗೆ ಅಂಟಿಕೊಂಡು, ಹಿಂದಿನ ಬಾಡಿಯ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಲಾಗಿ ಕೂತಿದೆ. ಅದರ ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ಅದು ಬಾಡಿಯ ಪಕ್ಕದ ತಗಡಿಗಿಂತ ನಾಲ್ಕು ಬೆರಳು ಎತ್ತರವಾಗಿದೆ. ಅಳತೆ ಕೊಟ್ಟವನು ನಾನೇ. ಆದರೆ ಸಿಟ್ಟಿನಲ್ಲಿ ಬರೆಯುತ್ತಿರುವಾಗ ಅದನ್ನು ಒತ್ತಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಒಳಗೆ ಸ್ಪ್ಯಾನರುಗಳ ಪೂರ್ತಿ ಸೆಟ್ಟು, ಜಾಕು, ಸುತ್ತಿಗೆ, ಟಾರ್ಚು, ಹಗ್ಗ, ಮತ್ತೆ ಅಂಗಡಿಯವನು ಇರಲಿ ಸಾರ್ ಎಂದು ಕೊಟ್ಟ, ಇಂದಿನವರೆಗೂ ಏನೆಂದು ನನಗೆ ತಿಳಿಯದ ಎರಡು ಸಲಕರಣೆಗಳು ಇವೆ. ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ ನಾನು ಗೋಣಿಚೀಲ ಹಾಸಿ ಈ ಸ್ಪ್ಯಾನರುಗಳನ್ನೆಲ್ಲ ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸುತ್ತೇನೆ. ಜೋಡಿಸಿ ಮುಗಿಯುವಷ್ಟರಲ್ಲಿ ಯಾರಾದರೂ ಟ್ರ್ಯಾಕ್ಟರಿನವರು ನಿಲ್ಲಿಸಿ, "ಒಸಿ ಜರುಗಿ ಸಾರ್" ಎಂದು ಹೇಳಿ ಸರಿಮಾಡಿ ಕೊಟ್ಟು ಹೋಗುತ್ತಾರೆ. ಪೆಟ್ಟಿಗೆ ಇಲ್ಲದಿದ್ದರೆ ಅವರು ನಿಲ್ಲಿಸುತ್ತಿದ್ದರೇ? ಹಾಗಾಗಿ ನನ್ನ ಟೂಲ್ ಬಾಕ್ಸು ಕೆಲಸಕ್ಕೆ ಬರುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಳೆದ ಬೆಳೆಯ ಗೂಡು ಹೊತ್ತುಕೊಂಡು ಹೋದ ದಿನ ಚನ್ನಪಟ್ಟಣ ದಾಟುತ್ತಿದ್ದಂತೆ ಮಳೆ ಹಿಡಿಯಿತು. ನಾನು ಟಾರ್ಪಾಲು ಹೊದಿಸಿದ್ದೆ. ಚೆನ್ನಾಗಿಯೇ ಹೊದಿಸಿದ್ದೆ. ಆದರೆ ಪೆಟ್ಟಿಗೆ ನಾಲ್ಕು ಬೆರಳು ಎತ್ತರವಾದ್ದರಿಂದ ಅದರ ಪಕ್ಕದಲ್ಲಿ ಟಾರ್ಪಾಲು ಜೋತುಬಿದ್ದು, ಅಲ್ಲೊಂದು ಕಟ್ಟೆ ಏರ್ಪಟ್ಟು, ಅದರಲ್ಲಿ ನೀರು ತುಂಬಿ, ಒಂದು ಹಂಪು ಎಗರಿಸಿದಾಗ ಆ ಕಟ್ಟೆ ಇಡಿಯಾಗಿ ಚೀಲಗಳ ಮೇಲೆ ಒಡೆಯಿತು. ಮಾರುಕಟ್ಟೆಯಲ್ಲಿ ಗೂಡನ್ನು ಹರಾಜಿನ ದೊಡ್ಡ ತಟ್ಟೆಗೆ ಸುರಿದು ನಿಂತೆವು. ಗೂಡು ಕೊಂಡು ನೂಲು ತೆಗೆಯುವ ರೀಲರು ಒಬ್ಬರು ಬಂದರು. ಗೂಡಿನೊಳಗೆ ಮೊಣಕೈವರೆಗೆ ಕೈ ತೂರಿಸಿದರು. ಕೈ ಹೊರಗೆಳೆದು, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಂಡು ಪಕ್ಕದ ತಟ್ಟೆಗೆ ಹೋದರು. ಬೈದಿದ್ದರೆ ಜಗಳವಾಡಬಹುದಿತ್ತು. ಕೈ ಒರೆಸಿಕೊಂಡವರ ಮೇಲೆ ಏನೆಂದು ಜಗಳಕ್ಕೆ ಹೋಗುವುದು? ಜಯಮ್ಮ ಮೂವತ್ತು ದಿನ ಸರಿಯಾಗಿ ನಿದ್ದೆ ಮಾಡದೆ ಬೆಳೆಸಿದ ಗೂಡು ಅದು. ಅವಳು ಆ ಟವೆಲನ್ನೇ ನೋಡುತ್ತಾ ನಿಂತಿದ್ದಳು.

ವಾಪಸು ಬರುವಾಗ ಸಾತನೂರಿನ ಹತ್ತಿರ ಅವಳು ತುಂಬ ಸಮಾಧಾನದಿಂದ ಹೇಳಿದಳು: "ಮುಂದಿನ ಬೆಳೆ ನಮ್ಮ ರಾಜುನ ಗಾಡೀಲಿ ಹೋಗ್ಲಿ ಬುಡಿ. ನಿಮಗೂ ರಜ ಹಾಕೋ ತಾಪತ್ರಯ ತಪ್ತದೆ."

ರಾಜು ಎಂದರೆ ಅವಳ ತಮ್ಮ ಪುಟ್ಟರಾಜು, ನನ್ನ ಭಾಮೈದ. ಅವನಿಗೂ ಒಂದು ಪಿಕಪ್ ಇದೆ. ಅದರಲ್ಲಿ ಟೂಲ್ ಬಾಕ್ಸೂ ಇಲ್ಲ, ಸರಿಯಾದ ಹಾರನ್ನೂ ಇಲ್ಲ. ಒಂದು ಹರಕು ಟಾರ್ಪಾಲನ್ನು ಹಗ್ಗದಲ್ಲಿ ಬಿಗಿದುಕೊಂಡು ಸೌತೆಕಾಯಿ, ಕುರಿ, ಸಿಮೆಂಟು ಎಲ್ಲವನ್ನೂ ಸಾಗಿಸುತ್ತಾನೆ. ಅಂಥವನ ಗಾಡಿಯಲ್ಲಿ ನಮ್ಮ ಗೂಡು, ನಾನು ಮನೆಯಲ್ಲಿ. ಮೂವತ್ತು ದಿನದಲ್ಲಿ ನನಗಿದ್ದ ಒಂದೇ ಒಂದು ದಿನವನ್ನೂ ಕಿತ್ತು ಭಾಮೈದನ ಕೈಗೆ ಕೊಡುವ ಮಾತು ಅದು. ನನಗೆ ಅವಮಾನವಾಯಿತು, ದುಃಖವೂ ಆಯಿತು. ಎರಡನ್ನೂ ತೋರಿಸಿಕೊಳ್ಳಲಾರದೆ ಸಿಟ್ಟು ಮಾಡಿಕೊಂಡೆ. "ಮುಂದಿನ ಬೆಳೆ ಹಣ್ಣಾಗುವುದರೊಳಗೆ ನನ್ನ ಗಾಡಿಗೆ ಒಂದು ಹನಿ ನೀರು ಹೋಗದಂಥ ಮುಚ್ಚಳ ಹಾಕಿಸುತ್ತೇನೆ. ಗೂಡು ನನ್ನ ಗಾಡಿಯಲ್ಲೇ ಹೋಗುತ್ತದೆ" ಎಂದೆ. ಜಯಮ್ಮ, "ಹಾಕ್ಸಿ, ನೋಡವ" ಎಂದಳು. ಅವಳ ಈ "ನೋಡವ" ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ಕೋರ್ಟಿನ ನೋಟೀಸಿನಷ್ಟು ತೂಕ ಇದೆ.

ಮೊದಲು ಕನಕಪುರದ ಟಾರ್ಪಾಲು ಅಂಗಡಿಗೆ ಹೋದೆ. ಅಂಗಡಿಯವರು ಹೊರಗೆ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೇಪು ಹಿಡಿಯುವ ಮೊದಲೇ, "ಈ ಬಾಕ್ಸು ತೆಗೆದ್ಬುಡಿ ಸಾರ್. ತೆಗೆದ್ರೆ ಸಾಯಂಕಾಲಕ್ಕೆ ಹೊಲಿದು ಕೊಡ್ತೀನಿ" ಎಂದರು. ಬಾಕ್ಸು ತೆಗೆಯುವುದಿಲ್ಲ, ಬಾಕ್ಸಿಗೆ ಹೊಂದುವ ಹಾಗೆ ಹೊಲಿಯಿರಿ ಎಂದೆ. ಬಾಕ್ಸಿನ ಮೇಲೂ ಸೇರಿಸಿ ಹೊಲಿದರೆ ಸ್ಪ್ಯಾನರು ಬೇಕಾದಾಗಲೆಲ್ಲ ಹದಿನಾರು ಗಂಟು ಬಿಚ್ಚಬೇಕು ಎಂದರು. ಬಾಕ್ಸಿನ ಈಚೆಗೇ ನಿಲ್ಲಿಸಿ ಎಂದೆ. ಹಾಗಾದರೆ ಬಾಕ್ಸಿಗೂ ಟಾರ್ಪಾಲಿಗೂ ನಡುವೆ ಸಂದು ಬೀಳುತ್ತದೆ, ನೀರು ಅಲ್ಲೇ ಇಳಿಯುತ್ತದೆ ಎಂದರು. ಇವರು ಹೇಳುವುದರಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಟಾರ್ಪಾಲು ಹೊಲಿಯುವವರಿಗೆ ಬಾಕ್ಸಿರುವ ಗಾಡಿಗೆ ಹೊಲಿಯಲು ಬರಬೇಕಲ್ಲವೇ? ತಲೆ ಇರುವವರಿಗೆ ಟೋಪಿ ಹೊಲಿಯಲು ಬರುವುದಿಲ್ಲ, ತಲೆ ತೆಗೆದು ಬನ್ನಿ ಎಂದ ಹಾಗಾಯಿತು ಎಂದೆ. ಅವರು ನಕ್ಕು, ಟೀ ತರಿಸಿದರು. ಟೀ ಕುಡಿಯುವಾಗಲೂ ನನ್ನ ಪೆಟ್ಟಿಗೆಯನ್ನು ಹಲ್ಲು ಕೀಳುವ ಡಾಕ್ಟರು ನೋಡುವ ಹಾಗೆ ನೋಡುತ್ತಿದ್ದರು.

ರಾಮನಗರದಲ್ಲಿ ಗಾಡಿಗಳಿಗೆ ಅಲಂಕಾರದ ಸಾಮಾನು ಹಾಕುವ ಒಂದು ದೊಡ್ಡ ಅಂಗಡಿ. ಗಾಜಿನ ಬಾಗಿಲು, ಒಳಗೆ ಏಸಿ. ಅಲ್ಲಿನ ಮ್ಯಾನೇಜರು ನನಗೆ ಮೊಬೈಲಿನಲ್ಲಿ ವಿದೇಶದ ಪಿಕಪ್ಪುಗಳನ್ನು ತೋರಿಸಿದರು. ಒಂದರ ಮುಚ್ಚಳ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ, ಇನ್ನೊಂದರದು ಮೂರು ಮಡಿಕೆಯಾಗಿ ಮಡಚಿಕೊಳ್ಳುತ್ತದೆ, ಮತ್ತೊಂದು ಅಂಗಡಿಯ ಶಟರಿನ ಹಾಗೆ ಜಾರಿ ಒಳಗೆ ಹೋಗುತ್ತದೆ. ನೋಡಲು ಚೆನ್ನಾಗಿತ್ತು. ಇದರಲ್ಲಿ ಟೂಲ್ ಬಾಕ್ಸಿರುವ ಗಾಡಿಗೆ ಆಗುವುದು ಯಾವುದು ಎಂದು ಕೇಳಿದೆ. ಸುತ್ತಿಕೊಳ್ಳುವ ಮುಚ್ಚಳ ಸುತ್ತಿಕೊಂಡು ಬಂದು ನಿಲ್ಲುವುದು ಪೆಟ್ಟಿಗೆ ಇರುವ ಜಾಗದಲ್ಲಿ. ಮಡಚುವುದು ಮಡಚಿ ಒರಗುವುದೂ ಅಲ್ಲಿಯೇ. ಜಾರುವ ಶಟರಿನ ಡಬ್ಬ ಕೂರುವುದೂ ಅಲ್ಲಿಯೇ. ನನ್ನ ಪೆಟ್ಟಿಗೆಯ ಜಾಗದ ಮೇಲೆ ಇಡೀ ಪ್ರಪಂಚದ ಕಣ್ಣು ಬಿದ್ದಿದೆ ಎಂದು ನನಗೆ ಅವತ್ತು ಗೊತ್ತಾಯಿತು. ಮ್ಯಾನೇಜರು ಮೃದುವಾಗಿ, "ಬಾಕ್ಸು ರಿಮೂವ್ ಮಾಡಿಸಿಬಿಡಿ ಸಾರ್, ಈಗ ಯಾರೂ ಬಾಕ್ಸ್ ಇಟ್ಕೊಳ್ಳಲ್ಲ" ಎಂದರು. ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬುದು ಒಂದು ಕಾರಣವೇ? ನನ್ನ ಕ್ಲಾಸಿನಲ್ಲಿ ಯಾರೂ ಹೋಂವರ್ಕ್ ಮಾಡುವುದಿಲ್ಲ, ಹಾಗೆಂದು ನಾನು ಕೊಡುವುದನ್ನು ನಿಲ್ಲಿಸಿದ್ದೇನೆಯೇ? ಇದನ್ನು ಅವರಿಗೇ ಕೇಳಿದೆ. ಅವರು ಕುಡಿಯಲು ತಣ್ಣೀರು ಕೊಟ್ಟರು.

ಚನ್ನಪಟ್ಟಣದಲ್ಲಿ ನನ್ನ ಹಳೆಯ ಶಿಷ್ಯನ ತಂದೆ, ಮರದ ಬೊಂಬೆಯ ಕೆಲಸದವರು, ಮರದಲ್ಲೇ ಮುಚ್ಚಳ ಮಾಡಿಬಿಡೋಣ ಎಂದರು. ಇವರೊಬ್ಬರೇ ಪೆಟ್ಟಿಗೆ ತೆಗೆಯಿರಿ ಎನ್ನದೆ ಇದ್ದವರು. ಅಷ್ಟಕ್ಕೇ ನನ್ನ ಕಣ್ಣು ತುಂಬಿಬಂತು. ಹಲಗೆ ಜೋಡಿಸಿ, ಪೆಟ್ಟಿಗೆಯ ಸುತ್ತಲೂ ಕಿಟಕಿಯ ಚೌಕಟ್ಟಿನ ಹಾಗೆ ಕೊರೆದು, ಮೇಲೆ ಅರಗಿನ ಬಣ್ಣ ಕೊಡುತ್ತೇನೆ ಎಂದರು. ಯಾವ ಬಣ್ಣ ಎಂದೆ. ಕೆಂಪು, ಹಳದಿ, ನಡುವೆ ಹಸಿರು ಪಟ್ಟಿ ಎಂದರು. ಆ ಗಾಡಿ ಓಡಿಸಿಕೊಂಡು ಸ್ಕೂಲಿನ ಗೇಟಿನೊಳಗೆ ಹೋಗುವುದನ್ನು ಕಣ್ಣಮುಂದೆ ತಂದುಕೊಂಡೆ. ಹೆಡ್‌ಮಾಸ್ಟರು ಕೊಠಡಿಯಿಂದ ಹೊರಗೆ ಬಂದು ನಿಂತಿದ್ದರು. ಆಲೋಚನೆ ಮಾಡಿ ಹೇಳುತ್ತೇನೆ ಎಂದು ಹೇಳಿ ಬಂದವನು ಇವತ್ತಿನವರೆಗೂ ಆ ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದೇನೆ.

ಇಷ್ಟರಲ್ಲಿ ಮನೆಯಲ್ಲಿ ಹುಳುಗಳು ಮೂರನೆಯ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಆದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ನನ್ನ ಹತ್ತಿರ ಇನ್ನು ಎರಡು ವಾರ ಕೂಡ ಇರಲಿಲ್ಲ. ಪುಟ್ಟರಾಜು ಬೇರೆ ಸಾಯಂಕಾಲ ಬಂದು ಜಗಲಿಯ ಮೇಲೆ ಕೂತು, "ಬಾವ, ಎಷ್ಟೊಂದು ತಲೆ ಕೆಡಿಸ್ಕೊಂಡಿದ್ದೀರಾ. ಆ ಪೆಟ್ಗೆ ಒಂದು ಕಿತ್ತಾಕಿ, ನನ್ ಟಾರ್ಪಾಲೇ ಕೊಡ್ತೀನಿ" ಎಂದ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ. ಒಳ್ಳೆಯ ಮನಸ್ಸಿನವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟದ ಕೆಲಸ, ಆದರೆ ನಾನು ಹೇಗೋ ನಿಭಾಯಿಸಿದೆ. "ಪೆಟ್ಟಿಗೆ ಕೀಳುವುದಾದರೆ ಗಾಡಿಯನ್ನೇ ಮಾರುತ್ತೇನೆ" ಎಂದುಬಿಟ್ಟೆ. ಒಳಗಿನಿಂದ ಜಯಮ್ಮ, "ಅದೂ ಒಳ್ಳೇದೇಯ" ಎಂದಳು.

ಕೊನೆಗೆ ನನ್ನನ್ನು ಕೈಹಿಡಿದವರು ಮಾಗಡಿಯ ರಂಗಪ್ಪ. ಸಾವನದುರ್ಗಕ್ಕೆ ಹೋಗುವ ದಾರಿಯಲ್ಲಿ ಅವರ ಫೈಬರ್ ಶೆಡ್ಡಿದೆ. ನೀರಿನ ತೊಟ್ಟಿ, ಪಾರ್ಕಿನ ಆನೆ, ಬಾಯಿ ತೆರೆದ ಕಪ್ಪೆಯ ಕಸದ ಡಬ್ಬ ಎಲ್ಲ ಮಾಡುತ್ತಾರೆ. ನನ್ನ ಕಥೆಯನ್ನು ಪೂರ್ತಿ ಕೇಳಿ ಅವರು ಹೇಳಿದ್ದು ಒಂದೇ ಮಾತು: "ಬಾಕ್ಸು ಇರ್ಲಿ ಬುಡಿ ಸಾರ್, ಅದೇನ್ ಮಾಡ್ತು ಪಾಪ." ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಮೈಯೆಲ್ಲ ಫೈಬರ್ ಪುಡಿ ಇದ್ದುದರಿಂದ ಸುಮ್ಮನಾದೆ. ಅವರ ಲೆಕ್ಕಾಚಾರ ಹೀಗಿತ್ತು. ಬಾಡಿಯ ಮೇಲೆ ಒಂದು ದೊಡ್ಡ ಮುಚ್ಚಳ, ಎಂಟು ಬೋಲ್ಟಿನಿಂದ ಕೂರಿಸುವುದು, ಹಿಂದಿನ ಡೋರು ತೆಗೆದು ಸಾಮಾನು ಹಾಕುವುದು. ಮುಂದುಗಡೆ ಆ ಮುಚ್ಚಳ ಪೆಟ್ಟಿಗೆಯ ಎದೆಯವರೆಗೆ ಬಂದು, ಅಲ್ಲಿ ರಬ್ಬರ್ ಪಟ್ಟಿಯೊಂದಿಗೆ ಬಿಗಿಯಾಗಿ ಕೂರುತ್ತದೆ. ಪೆಟ್ಟಿಗೆಯ ಮುಚ್ಚಳ ತನ್ನ ಪಾಡಿಗೆ ತಾನು ತೆರೆಯುತ್ತದೆ, ಮುಚ್ಚುತ್ತದೆ. ಮೂರು ಊರಿಗೆ ಹೊಳೆಯದ್ದು ಕಪ್ಪೆ ಮಾಡುವವರಿಗೆ ಹೊಳೆದಿತ್ತು. ಎಲ್ಲ ಬರೆದುಕೊಂಡ ಮೇಲೆ ಅವರು, "ಏನ್ ಸಾಗಿಸ್ತೀರಾ ಸಾರ್ ಇದ್ರಲ್ಲಿ?" ಎಂದು ಕೇಳಿದರು. ರೇಷ್ಮೆ ಗೂಡು ಎಂದೆ. "ಅಂಗಾದ್ರೆ ಎರಡು ಕಡೆ ಒಸಿ ಕಿಂಡಿ ಬುಡ್ಲಾ, ಜಾಲರಿ ಹಾಕಿ?" ಎಂದರು. ನನಗೆ ರೇಗಿತು. ಮೂರು ಊರು ತಿರುಗಿ, ಇದ್ದ ಒಂದು ಸಂದು ಮುಚ್ಚಿಸಲು ನಿಮ್ಮ ಹತ್ತಿರ ಬಂದರೆ ನೀವೇ ಎರಡು ಕಿಂಡಿ ಕೊರೆಯುತ್ತೇನೆ ಎನ್ನುತ್ತೀರಲ್ಲ ಎಂದೆ. ಅಷ್ಟೇ ಅಲ್ಲ, ರಬ್ಬರ್ ಪಟ್ಟಿಯನ್ನು ಸುತ್ತಲೂ ಎರಡೆರಡು ಸಾಲು ಹಾಕಿ ಎಂದು ಹೇಳಿದೆ. ರಂಗಪ್ಪ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, "ನಿಮ್ಮಿಷ್ಟ ಸಾರ್, ಓದಿರೋರು" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಮುಚ್ಚಳ ಬಂತು. ಬೆಳ್ಳಗೆ, ನುಣ್ಣಗೆ, ಹೊಸ ಫ್ರಿಜ್ಜಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಡೋರು ಹಾಕಿದರೆ ಒಳಗಿನಿಂದ ಪುಸ್ ಎಂದು ಗಾಳಿ ಹೊರಡುವ ಸದ್ದಾಗುತ್ತಿತ್ತು. ಆ ಸದ್ದು ಕೇಳಲೆಂದೇ ನಾನು ಹತ್ತು ಸಲ ತೆಗೆದು ಹಾಕಿದೆ. ಪುಟ್ಟರಾಜುವನ್ನು ಬೇಕೆಂದೇ ಕರೆಸಿ, ಅವನ ಕಣ್ಣೆದುರಿಗೆ ಇಪ್ಪತ್ತು ಬಿಂದಿಗೆ ನೀರನ್ನು ಮುಚ್ಚಳದ ಮೇಲೆ ಸುರಿದೆ. ನಲ್ಲಿಯಲ್ಲಿ ನೀರು ಬರುವ ದಿನವಲ್ಲದ್ದರಿಂದ ಜಯಮ್ಮ ಒಲೆಯ ಮುಂದಿನಿಂದಲೇ ಏನೋ ಅಂದಳು, ಕೇಳಿಸಲಿಲ್ಲ ಅನ್ನುವ ಹಾಗೆ ಸುರಿದೆ. ಆಮೇಲೆ ಡೋರು ತೆಗೆದು, ಒಳಗೆ ಹಾಸಿದ್ದ ಪೇಪರನ್ನು ಎತ್ತಿ ಆಡಿಸಿದೆ. ಗರಿಗರಿಯಾಗಿತ್ತು. ಪುಟ್ಟರಾಜು ಒಳಗೆ ತಲೆ ಹಾಕಿ, ಒಂದು ನಿಮಿಷ ಇದ್ದು, ತಲೆ ಹೊರಗೆ ತೆಗೆದು, "ಚೆನ್ನಾಗೈತೆ ಬಾವ, ಅಕ್ಕಿ ಮೂಟೆ ಹಾಕಕ್ಕೆ ಬಲ್ ಚೆನ್ನಾಗೈತೆ" ಎಂದ. ಸೋತವರ ಮಾತು ಹೀಗೇ ಇರುತ್ತದೆ ಎಂದು ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟೆ. ಜಯಮ್ಮ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಒಳಗೆ ಸೆಕೆ ಆಗಾಕಿಲ್ವಾ?" ಎಂದು ಕೇಳಿದಳು. ಬಿಳಿಯ ಬಣ್ಣ ಬಿಸಿಲನ್ನು ಹೇಗೆ ಪ್ರತಿಫಲಿಸುತ್ತದೆ ಎಂದು ಅವಳಿಗೆ ಹತ್ತು ನಿಮಿಷ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೂಂ, ನೀವು ಹೇಳಿದ ಮೇಲೆ" ಎಂದು ಒಪ್ಪಿದಳು. ಗೂಡು ನನ್ನ ಗಾಡಿಗೇ ಹತ್ತಿತು.

ಜಯಮ್ಮನೂ ನಾನೂ ಹೊರಟ ದಿನ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ನನಗೆ ಅದೂ ಒಂದು ಅನ್ಯಾಯವಾಗಿ ಕಂಡಿತು. ಬೇಡದ ದಿನ ಹೊಯ್ದ ಮಳೆ, ನಾನು ಸಿದ್ಧನಾಗಿ ಬಂದ ದಿನ ತಲೆಮರೆಸಿಕೊಂಡಿತ್ತು. ದಾರಿಯುದ್ದಕ್ಕೂ ಕತ್ತು ಬಗ್ಗಿಸಿ ಆಕಾಶ ನೋಡುತ್ತಾ ಓಡಿಸಿದೆ. ಚನ್ನಪಟ್ಟಣ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಟೀ ನೆಪ, ಅಲ್ಲಿ ಕೂತಿದ್ದ ನಾಲ್ಕು ಜನ ನನ್ನ ಮುಚ್ಚಳವನ್ನು ನೋಡಲಿ ಎಂಬುದು ಆಸೆ. ನೋಡಿದರು. ಒಬ್ಬರು, "ಇದೇನು ಸಾರ್, ಐಸ್‌ಕ್ರೀಂ ಗಾಡಿಯಾ?" ಎಂದು ಕೇಳಿದರು. ಅವರಿಗೆ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜಯಮ್ಮ ಹಿಂದಿನ ಡೋರು ತೆಗೆದಿದ್ದಳು. ಈ ಸಲ ಪುಸ್ ಎನ್ನಲಿಲ್ಲ. ಬೇಯುತ್ತಿರುವ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ ಮುಖಕ್ಕೆ ಬಿಸಿ ಹಬೆ ಬಡಿಯಿತು. ಅವಳು ಚೀಲಗಳ ಮಧ್ಯೆ ಕೈ ತೂರಿಸಿ, ಹೊರಗೆ ತೆಗೆದು, ಅಂಗೈಯನ್ನು ನನ್ನ ಮುಂದೆ ಹಿಡಿದಳು. ಒದ್ದೆ. ಮುಚ್ಚಳದ ಒಳಮೈಯಲ್ಲಿ ಹನಿಗಳು ಸಾಲುಸಾಲಾಗಿ ನೇತಾಡುತ್ತಿದ್ದವು.

ನನ್ನ ತಲೆಗೆ ರಕ್ತ ಏರಿತು. ಕಪ್ಪೆ ಮಾಡುವವರನ್ನು ನಂಬಿ ಕೆಟ್ಟೆ ಎಂದುಕೊಂಡು ಅಲ್ಲಿಂದಲೇ ರಂಗಪ್ಪನವರಿಗೆ ಫೋನು ಹಚ್ಚಿದೆ. ನಾಲ್ಕು ಜನರೆದುರಿಗೆ, ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, ಏನ್ರೀ ನಿಮ್ಮ ಮುಚ್ಚಳ ಸೋರುತ್ತಿದೆ, ಗೂಡೆಲ್ಲ ಒದ್ದೆಯಾಗಿದೆ, ಇದೇನಾ ನೀವು ಮಾಡುವ ಕೆಲಸ ಎಂದು ಶುರುಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವರು ತಣ್ಣಗೆ ಕೇಳಿದರು.

"ಅಲ್ಲಿ ಮಳೆ ಬತ್ತೈತಾ ಸಾರ್?"

"ಇಲ್ಲ."

"ದಾರೀಲಿ ಏನಾರ ಬಂತಾ?"

"ಇಲ್ಲ."

"ಮತ್ತೆ?"

ಫೋನು ಕಿವಿಗೆ ಹಿಡಿದುಕೊಂಡೇ ಇನ್ನೊಂದು ಸಲ ಆಕಾಶ ನೋಡಿದೆ. ಜಯಮ್ಮ ಒಂದು ಗೂಡನ್ನು ಚೀಲದಿಂದ ತೆಗೆದು ನನ್ನ ಇನ್ನೊಂದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಲೊಟಲೊಟ ಎಂದಿತು. "ಹುಳ ಒಳಗೆ ಬದುಕೈತಲ್ರೀ" ಎಂದಳು. "ಉಸುರು ಬುಡಾಕಿಲ್ವಾ ಅದು? ಅಷ್ಟೊಂದು ಹುಳನ ಬಾಯಿ ಕಟ್ಟಿ ಕೂರ್ಸಿದ್ರೆ ಬೆವೀತವೆ." ರಂಗಪ್ಪನವರು ಆ ಕಡೆಯಿಂದ, "ಅಮ್ಮಾವ್ರು ಹೇಳ್ತಾವ್ರಲ್ಲ, ಅದೇಯ ಸಾರ್" ಎಂದು ಹೇಳಿ ಫೋನಿಟ್ಟರು.

ಇಲ್ಲಿ ನಾನು ಓದುಗರ ಮುಂದೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಪ್ರತಿ ವರ್ಷ ನಾನು ನೆನೆಸಿ ಮೊಳಕೆ ಬರಿಸಿದ ಹೆಸರುಕಾಳನ್ನು ಒಂದು ಗಾಜಿನ ಜಾರಿಗೆ ಹಾಕಿ, ಮುಚ್ಚಳ ಬಿಗಿದು, ಕ್ಲಾಸಿನ ಮೇಜಿನ ಮೇಲೆ ಇಡುತ್ತೇನೆ. ಮಾರನೆಯ ದಿನ ಜಾರಿನ ಒಳಮೈಯೆಲ್ಲ ಹನಿಗೂಡಿರುತ್ತದೆ. ಅದನ್ನು ಎತ್ತಿ ಹಿಡಿದು, "ಜಾರಿನೊಳಗೆ ಮಳೆ ಬಂತೇನ್ರೋ?" ಎಂದು ಕೇಳುತ್ತೇನೆ. ಮಕ್ಕಳು ನಗುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ: ಜೀವಿಗಳು ಉಸಿರಾಡುವಾಗ ಶಾಖವೂ ನೀರಾವಿಯೂ ಹೊರಬರುತ್ತವೆ. ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಇಪ್ಪತ್ತಾರು ವರ್ಷದಿಂದ ಎಳೆಯುತ್ತಿದ್ದೇನೆ. ನಾನು ಮಾಡಿಸಿಕೊಂಡು ಬಂದದ್ದು ಅದೇ ಜಾರು, ಚಕ್ರ ಇರುವುದು ಒಂದೇ ವ್ಯತ್ಯಾಸ.

ಗೂಡು ಹಾಳಾಗಿಬಿಡುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. "ಈಗ ಗಾಳಿ ಆಡಿದ್ರೆ ಉಳೀತದೆ, ಮೊದ್ಲು ಇದನ್ನ ತೆಗೀರಿ" ಎಂದಳು ಜಯಮ್ಮ. ನಾನು ಟೂಲ್ ಬಾಕ್ಸು ತೆರೆದೆ. ಗೋಣಿಚೀಲ ಹಾಸಿ ಸ್ಪ್ಯಾನರು ಜೋಡಿಸುವಷ್ಟು ವ್ಯವಧಾನ ಇರಲಿಲ್ಲ. ಹದಿಮೂರು ನಂಬರಿನದು ಕೈಗೆ ಸಿಕ್ಕಿತು, ಸರಿಹೋಯಿತು. ಎಂಟು ಬೋಲ್ಟನ್ನೂ ನಾನೇ, ಯಾರ ಸಹಾಯವೂ ಇಲ್ಲದೆ ಬಿಚ್ಚಿದೆ. ಆ ಪೆಟ್ಟಿಗೆಯಿಂದ ನಾನು ಪೂರ್ತಿಯಾಗಿ ಮಾಡಿ ಮುಗಿಸಿದ ಮೊದಲನೆಯ ಕೆಲಸ ಅದು. ಟೀ ಅಂಗಡಿಯ ಪಕ್ಕದ ಹುಣಸೆ ಮರದ ನೆರಳಿನಲ್ಲಿ ಚೀಲಗಳನ್ನು ಬಿಡಿಬಿಡಿಯಾಗಿ ಹರಡಿ, ಜಯಮ್ಮ ಗೂಡನ್ನು ಕೈಯಿಂದ ಮೆಲ್ಲಗೆ ಎತ್ತಿ ಎತ್ತಿ ಬಿಟ್ಟಳು. ನಾನು ಟವೆಲಿನಿಂದ ಗಾಳಿ ಹಾಕಿದೆ. ಐಸ್‌ಕ್ರೀಂ ಎಂದವರೂ ತಮ್ಮ ಟವೆಲು ತೆಗೆದು ಗಾಳಿ ಹಾಕಲು ಬಂದರು. ಒಂದೂವರೆ ಗಂಟೆಯ ಮೇಲೆ ಜಯಮ್ಮ ಅಂಗೈ ಒತ್ತಿ ನೋಡಿ ಸರಿ ಎಂದಳು. ಆಮೇಲೆ ತನ್ನ ಬ್ಯಾಗಿನಿಂದ ಒಂದು ಹಳೆಯ ಕಾಟನ್ ಸೀರೆ ತೆಗೆದಳು. ಅದರ ಒಂದು ಅಂಚನ್ನು ಟೂಲ್ ಬಾಕ್ಸಿನ ಮುಚ್ಚಳದಡಿ ಸಿಕ್ಕಿಸಿ ಮುಚ್ಚಳ ಹಾಕಿದಳು, ಇನ್ನೊಂದು ಅಂಚನ್ನು ಹಿಂದಿನ ಡೋರಿನ ಕೊಂಡಿಗೆ ಕಟ್ಟಿದಳು. ಪೆಟ್ಟಿಗೆ ನಾಲ್ಕು ಬೆರಳು ಎತ್ತರವಾದ್ದರಿಂದ ಸೀರೆ ಹಿಂದಕ್ಕೆ ಇಳಿಜಾರಾಗಿ, ಬಿಗಿಯಾಗಿ, ಗೂಡಿಗೆ ತಾಗದೆ ನಿಂತಿತು. ಟಾರ್ಪಾಲನ್ನೂ ಹೀಗೇ ಸಿಕ್ಕಿಸಿದ್ದರೆ ಕಟ್ಟೆಯೂ ಕಟ್ಟುತ್ತಿರಲಿಲ್ಲ ಎಂದು ನನಗೆ ಹೊಳೆಯಿತು. ಸೀರೆ ಯಾಕೆ ತಂದಿದ್ದೀಯ ಎಂದು ಮಾತ್ರ ಕೇಳಿದೆ. "ಇರ್ಲಿ ಅಂತ" ಎಂದಳು.

ಬಿಳಿಯ ಮುಚ್ಚಳ ಟೀ ಅಂಗಡಿಯಲ್ಲೇ ಉಳಿಯಿತು. ಅಂಗಡಿಯವರು ಅದನ್ನು ನಾಲ್ಕು ಕಂಬದ ಮೇಲೆ ಏರಿಸಿ ಬೆಂಚಿಗೆ ಚಾವಣಿ ಮಾಡಿಕೊಂಡಿದ್ದಾರೆ. ಹನಿ ನೀರು ಇಳಿಯುವುದಿಲ್ಲವಂತೆ, ರಂಗಪ್ಪನವರ ಕೆಲಸದ ಬಗ್ಗೆ ಯಾರೂ ಕೆಟ್ಟದ್ದು ಆಡುವ ಹಾಗಿಲ್ಲ. ನಾವು ಮಾರುಕಟ್ಟೆಗೆ ತಡವಾಗಿ ಮುಟ್ಟಿ, ಮೊದಲ ಹರಾಜು ತಪ್ಪಿಸಿಕೊಂಡು, ಎರಡನೆಯದಕ್ಕೆ ಗೂಡು ಸುರಿದೆವು. ರೀಲರು ಬಂದರು, ಕೈ ತೂರಿಸಿದರು. ನಾನು ಅವರ ಹೆಗಲ ಟವೆಲನ್ನೇ ನೋಡುತ್ತಿದ್ದೆ. ಕೈ ಹೊರಗೆ ತೆಗೆದವರು ಟವೆಲಿನ ತಂಟೆಗೆ ಹೋಗದೆ ಮೊಬೈಲು ತೆಗೆದು ಬೆಲೆ ಒತ್ತಿದರು. ಜಯಮ್ಮ ಪೂರ್ತಿ ಒಂದು ದಿನದ ಉಸಿರನ್ನು ಆಗ ಬಿಟ್ಟಳು. ನನಗೂ ಎದೆ ಹಗುರವಾಯಿತು.

ವಾಪಸು ಬರುವಾಗ ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮುಂದಿನ ಬೆಳೆಗೆ ರಾಜುವಿನ ಗಾಡಿ ಎನ್ನುತ್ತಾಳೆ ಎಂದುಕೊಂಡೆ. ಅದನ್ನೂ ಅನ್ನಲಿಲ್ಲ. ನನ್ನ ಮುಖ ಸಪ್ಪಗಿರುವುದನ್ನು ನೋಡಿ ಬೇರೆ ಮಾತು ತೆಗೆಯಬೇಕೆಂದು ಅವಳಿಗೆ ಅನ್ನಿಸಿರಬೇಕು. ಸ್ವಲ್ಪ ದೂರ ಬಂದಮೇಲೆ, ಎಂದೂ ಕೇಳದವಳು, ತುಂಬ ಅಕ್ಕರೆಯಿಂದ ಕೇಳಿದಳು: "ಇಸ್ಕೂಲಲ್ಲಿ ಈಗ ಯಾವ ಪಾಠ ನಡೀತೈತೆ?"

ಹೆಸರುಕಾಳಿನ ಜಾರನ್ನು ನಾನು ಹಿಂದಿನ ದಿನವಷ್ಟೇ ಕ್ಲಾಸಿನ ಮೇಜಿನ ಮೇಲೆ ಇಟ್ಟು ಬಂದಿದ್ದೆ.

"ಬೆಳಕು" ಎಂದೆ.